ಸ್ಪಾರ್ ಬಿರುಕಿನ ರಿಪೇರಿಗೆ ವಿಮಾನ ಒಪ್ಪಿಸುವ ಮುನ್ನ ಇದನ್ನು ಓದಿ

ಸ್ವಂತವಾಗಿ ಕಟ್ಟಿಕೊಂಡ ಸಣ್ಣ (ಹೋಮ್‌ಬಿಲ್ಟ್) ವಿಮಾನದಲ್ಲಿ ಬಿರುಕು ಕಾಣಿಸಿಕೊಂಡು, ಅದನ್ನು ಹೊರಗಿನವರಿಂದ ಸರಿಪಡಿಸಿಕೊಳ್ಳುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮೋಸಹೋದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಾನು ಸುಮ್ಮನಿದ್ದರೆ ನನ್ನ ವಿಮಾನವನ್ನು ರಿಪೇರಿ ಮಾಡಿದ ಅದೇ ಮನುಷ್ಯ ನಾಳೆ ಇನ್ನೊಬ್ಬರ ವಿಮಾನದ ಬಾಲಕ್ಕೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಹಾರಲು ಕಳಿಸುತ್ತಾನೆ.

ಬಿರುಕು ಇದ್ದದ್ದು ಹಾರಿಜಾಂಟಲ್ ಸ್ಟೆಬಿಲೈಸರಿನ, ಅಂದರೆ ಬಾಲದ ಅಡ್ಡ ರೆಕ್ಕೆಯ, ಮುಂದಿನ ಸ್ಪಾರಿನಲ್ಲಿ (ಅದರ ಉದ್ದಕ್ಕೂ ಹಾದು ಹೊರೆ ಹೊರುವ ತೊಲೆಯಲ್ಲಿ), ಫ್ಲಾಂಜ್ ಎಂಬ ಅಂಚನ್ನು ಬಾಗಿಸುವುದಕ್ಕಾಗಿ ಕತ್ತರಿಸಿದ ಕಚ್ಚಿನ ಮೂಲೆಯಲ್ಲಿ. ಒಪ್ಪಂದವಾದದ್ದು ಎಲ್ಲರೂ ಬಲ್ಲ ಕ್ರಮವೇ: ಬಣ್ಣವನ್ನು ರಾಸಾಯನಿಕದಿಂದ ತೆಗೆಯುವುದು, ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿಯುವ ಕೆಂಪು ದ್ರವ) ಹಾಕಿ ಬಿರುಕಿನ ತುದಿ ಎಲ್ಲಿದೆಯೆಂದು ಗುರುತಿಸುವುದು, ಆ ತುದಿಯಲ್ಲಿ ಸ್ಟಾಪ್ ಡ್ರಿಲ್ ಮಾಡುವುದು (ಬಿರುಕು ಮುಂದುವರಿಯದಂತೆ ಸಣ್ಣ ತೂತು ಕೊರೆಯುವುದು), ಆಮೇಲೆ ವಿಮಾನದ ಕಿಟ್ ತಯಾರಕರ ನಕ್ಷೆಯಲ್ಲಿರುವಂತೆ ಡಬ್ಲರ್ (ಬಲ ಕೊಡುವ ಹೆಚ್ಚುವರಿ ತಗಡು) ಇಟ್ಟು ಘನ ರಿವೆಟ್ ಹೊಡೆಯುವುದು. ಬರೀ ತೂತು ಕೊರೆದರೆ ಬಿರುಕಿನ ಚೂಪು ತುದಿ ಹೋಗಿ ಒತ್ತಡ ಹಂಚಿಹೋಗುತ್ತದೆಯೇ ಹೊರತು, ಕಳೆದುಹೋದ ಬಲ ಮರಳಿ ಬರುವುದಿಲ್ಲ. ಅದನ್ನು ತರುವುದು ಡಬ್ಲರ್.

ಕೆಲಸದ ನಡುವೆ ಆತ ಒಂದು ಫೋಟೋ ಕಳಿಸಿದ. ಬಿರುಕಿನೊಳಗಿನ ಕೆಂಪನ್ನು ಮೇಲಕ್ಕೆಳೆದು ತೋರಿಸುವ ಬಿಳಿ ಡೆವಲಪರ್ ಹರಡಿದ ಸ್ಪಾರ್, ನಡುವೆ ಒಂದು ತೂತು, ಎಲ್ಲಿಯೂ ಕೆಂಪಿಲ್ಲ. "ನೋಡಿ ಸರ್, ಬಿರುಕು ಅಲ್ಲಿಗೇ ಮುಗಿದಿದೆ" ಎಂದ. ನಾನು ನೆಮ್ಮದಿಯಿಂದ ಹಣ ಕೊಟ್ಟೆ. ನನ್ನನ್ನು ಇಂದಿಗೂ ಕುದಿಸುವುದು ಆ ಫೋಟೋವೇ. ಏಕೆಂದರೆ ಆತ ಬಣ್ಣವನ್ನು ರಾಸಾಯನಿಕದಿಂದ ತೆಗೆದಿರಲೇ ಇಲ್ಲ, ಸ್ಯಾಂಡಿಂಗ್ ಡಿಸ್ಕ್ ಓಡಿಸಿದ್ದ. ಹಾಗೆ ಉಜ್ಜಿದಾಗ ಮೃದುವಾದ ಅಲ್ಯೂಮಿನಿಯಂ ಬಿರುಕಿನ ಬಾಯಿಯ ಮೇಲೆ ಎಳೆದುಕೊಂಡು ಅದನ್ನು ಮುಚ್ಚಿಬಿಡುತ್ತದೆ. ಮೇಲ್ಮೈಗೆ ತೆರೆದುಕೊಂಡ ಬಿರುಕಿನೊಳಗೆ ಮಾತ್ರ ಪೆನೆಟ್ರಂಟ್ ಇಳಿಯುತ್ತದೆ. ಮುಚ್ಚಿದ ಬಿರುಕಿನ ಮೇಲೆ ಎಷ್ಟು ಸುರಿದರೂ ಬಿಳುಪೇ ಉಳಿಯುತ್ತದೆ. ಪರೀಕ್ಷೆ ನಡೆದದ್ದು ನಿಜ, ಫಲಿತಾಂಶ ಮಾತ್ರ ಸುಳ್ಳು!

ಮುಂದಿನ ತಪಾಸಣೆಯಲ್ಲಿ ದೀಪ, ಕನ್ನಡಿ ಹಿಡಿದು ನೋಡಿದಾಗ ಡಬ್ಲರಿನ ಎರಡು ರಿವೆಟ್‌ಗಳ ಹಿಂದೆ ಹೊಗೆ ಹಿಡಿದಂತೆ ಕಪ್ಪು ಗೆರೆ ಇತ್ತು. ಸಡಿಲವಾದ ರಿವೆಟ್ ತಗಡಿಗೆ ತಿಕ್ಕಿ ಉದುರಿಸುವ ಅಲ್ಯೂಮಿನಿಯಂ ಆಕ್ಸೈಡಿನ ಪುಡಿ ಅದು. ಎನ್‌ಡಿಟಿ (ಲೋಹವನ್ನು ಕೆಡಿಸದೆ ದೋಷ ಹುಡುಕುವ ಪರೀಕ್ಷೆ) ಮಾಡುವ ಪರಿಚಿತರೊಬ್ಬರನ್ನು ಕರೆಸಿ ಡಬ್ಲರ್ ಬಿಚ್ಚಿಸಿದೆ. ಅಡಿಯಲ್ಲಿ ಪುಟ್ಟಿ ಇತ್ತು. ಸ್ಪಾರಿನಲ್ಲಿ, ಪುಟ್ಟಿ! ಕೊರೆದಾಗ ತೂತಿನ ಅಂಚಿನಲ್ಲಿ ಏಳುವ ಚೂಪು ಲೋಹವನ್ನು (ಬರ್) ಕೂಡ ತೆಗೆದಿರಲಿಲ್ಲ, ಬೆರಳು ಸವರಿದರೆ ತರಚುತ್ತಿತ್ತು. ಅವರು ಮೇಲ್ಮೈಯನ್ನು ಹದವಾಗಿ ಎಚ್ ಮಾಡಿ (ಮುಚ್ಚಿದ ಬಿರುಕಿನ ಬಾಯಿ ತೆರೆಯುವಂತೆ ರಾಸಾಯನಿಕದಿಂದ ತೆಳುವಾಗಿ ಕರಗಿಸಿ), ಪೆನೆಟ್ರಂಟ್ ಹಾಕಿ, ಸಾಕಷ್ಟು ಹೊತ್ತು ಬಿಟ್ಟು, ಒರೆಸಿ, ಡೆವಲಪರ್ ಸಿಂಪಡಿಸಿದರು. ಕೆಂಪು ಗೆರೆಯೊಂದು ನಿಧಾನವಾಗಿ ಮೂಡಿ, ತೂತಿನ ಪಕ್ಕದಲ್ಲೇ ಹಾದು, ಅದನ್ನು ದಾಟಿ ಮುಂದಕ್ಕೆ ಹೋಗಿತ್ತು. ಆತ ತೂತು ಕೊರೆದದ್ದು ಬಣ್ಣದ ಬಿರುಕು ಮುಗಿದಲ್ಲಿ, ಲೋಹದ ಬಿರುಕು ಮುಗಿದಲ್ಲಿ ಅಲ್ಲ. ಅಂಥ ಸ್ಪಾರನ್ನು ಹೊತ್ತು ನಾನು ಹಾರಾಡಿದ್ದೆ.

ಆ ಕೆಂಪು ಗೆರೆಯ ಫೋಟೋವನ್ನು ರಿಪೇರಿ ಮಾಡಿದವನಿಗೆ ಕಳಿಸಿ ಕೇಳಿದಾಗ ಬಂದ ಮೊದಲ ಉತ್ತರ: "ಅದು ಬಣ್ಣ ಒಡೆದಿರುವುದು ಸರ್, ಲೋಹಕ್ಕೇನೂ ಆಗಿಲ್ಲ." ಬಣ್ಣವನ್ನೇ ತೆಗೆದ ಲೋಹದ ಫೋಟೋಗೆ ಈ ಉತ್ತರ! ಸ್ವಲ್ಪ ಹೊತ್ತಿನಲ್ಲಿ ಅದೇ ಬಿರುಕು ನನ್ನದಾಯಿತು: "ನೀವು ಒರಟಾಗಿ ಇಳಿಸಿರಬೇಕು." ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎಯ ಎಸಿ 43.13-1ಬಿ ಎಂಬ ಮಾರ್ಗದರ್ಶಿಯಲ್ಲಿರುವ ರಿಪೇರಿ ವಿಧಾನವನ್ನು ತೋರಿಸಿದರೆ, "ಅದೆಲ್ಲ ಕಾರ್ಖಾನೆಯ ವಿಮಾನಗಳಿಗೆ ಸರ್, ಹೋಮ್‌ಬಿಲ್ಟ್‌ಗೆ ಇಷ್ಟು ಸಾಕು, ಹೊರೆಯೂ ಕಡಿಮೆ" ಎಂದ. 2024-ಟಿ3 ಅಲ್ಯೂಮಿನಿಯಂ ತಗಡು ಕಾರ್ಖಾನೆಯ ವಿಮಾನದಲ್ಲಿದ್ದರೂ ನನ್ನದರಲ್ಲಿದ್ದರೂ ಅದೇ ತಗಡು. ಇಂತಿಷ್ಟಕ್ಕಿಂತ ಕಡಿಮೆ ಒತ್ತಡದಲ್ಲಿ ಎಷ್ಟು ಸಲ ಬಾಗಿದರೂ ಬಿರುಕು ಬಿಡದು ಎಂಬ ಮಿತಿ ಉಕ್ಕಿಗಿರಬಹುದು, ಅಲ್ಯೂಮಿನಿಯಂಗಿಲ್ಲ. ಸಣ್ಣ ಹೊರೆಯೂ ಸಾಕಷ್ಟು ಸಲ ಮರುಕಳಿಸಿದರೆ ಅದನ್ನು ದಣಿಸುತ್ತದೆ, ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಬಾಲ ನಡುಗುತ್ತಲೇ ಇರುತ್ತದೆ. ಇದು ಗೊತ್ತಿಲ್ಲದವರು ಸ್ಪಾರ್ ಮುಟ್ಟಬಾರದು. ಗೊತ್ತಿದ್ದೂ ಹೀಗೆ ಮಾಡಿದ್ದರೆ ಅದಕ್ಕೆ ರಿಪೇರಿ ಎಂಬ ಹೆಸರೇ ಸಲ್ಲದು.

ಆದ್ದರಿಂದ ಒಂದೇ ಒಂದು ಫೋಟೋ ನೋಡಿ ಹಣ ಕೊಡಬೇಡಿ. ಬಣ್ಣ ತೆಗೆದ ಮೇಲೆ, ತೂತು ಕೊರೆಯುವ ಮುಂಚೆ ಕೆಂಪು ಗೆರೆ ಪೂರ್ತಿ ಕಾಣುವ ಫೋಟೋ ಬೇಕು. ಕೊರೆದ ಮೇಲೆ ಮತ್ತೊಮ್ಮೆ ಪೆನೆಟ್ರಂಟ್ ಹಾಕಿದ ಫೋಟೋ ಬೇಕು. ಡಬ್ಲರ್ ಕೂರಿಸುವ ಮುಂಚೆ ನೀವೇ ಹೋಗಿ ನೋಡಬೇಕು. ಸ್ಯಾಂಡಿಂಗ್ ಡಿಸ್ಕ್ ಹಿಡಿದು ಬಿರುಕಿನ ಬಳಿ ಬರುವವರನ್ನು ಅಲ್ಲೇ ತಡೆಯಿರಿ. ಅಷ್ಟು ಬೇಗ ಬಣ್ಣ ಹೊಡೆದದ್ದೇಕೆ ಎಂದು ನಾನು ಕೇಳಿದ್ದಕ್ಕೆ ಆತ, "ತುಕ್ಕು ಹಿಡಿಯಬಾರದಲ್ಲ ಸರ್" ಎಂದಿದ್ದ.

ಈಗ ಆ ಸ್ಪಾರನ್ನೇ ತೆಗೆದು ಹೊಸದನ್ನು ಕೂರಿಸುತ್ತಿದ್ದೇನೆ. ಹಣ ಹಿಂತಿರುಗಿಸಲು ಕೇಳಿದ ಸಂದೇಶವನ್ನು ಆತ ಓದಿದ್ದಾನೆ, ಉತ್ತರ ಮಾತ್ರ ಬಂದಿಲ್ಲ.