ಸಖಿ ಕೇಂದ್ರ: ಜೊತೆಗೆ ಹೋದವಳ ಅಭಿಪ್ರಾಯ

ಮೂಡಿಗೆರೆಗೂ ಸಕಲೇಶಪುರಕ್ಕೂ ನಡುವಣ ಒಂದು ಊರಿನ ಶಾಲೆಯಲ್ಲಿ 28 ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಓದಿಸಿದ ಹುಡುಗಿಯರು, ಅವರ ಅಮ್ಮಂದಿರು, ಕಾಫಿ ತೋಟದ ಲೈನ್ ಮನೆಗಳ ಹೆಂಗಸರು ಕಷ್ಟ ಬಂದಾಗ ಇಂದಿಗೂ ನನ್ನ ಮನೆಯ ಬಾಗಿಲು ತಟ್ಟುತ್ತಾರೆ. ಹಾಗೆ ಬಂದ ಇಬ್ಬರ ಜೊತೆಗೆ, ಸುಮಾರು ಒಂದು ವರ್ಷದ ಅಂತರದಲ್ಲಿ, ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗಲೆಂದು ಸರ್ಕಾರಿ ಆಸ್ಪತ್ರೆಯೊಂದರ ಆವರಣದಲ್ಲಿರುವ ‘ಸಖಿ’ ಕೇಂದ್ರಕ್ಕೆ ನಾನು ಎರಡು ಸಲ ಹೋಗಬೇಕಾಯಿತು. ಅಲ್ಲಿಯ ಸೇವೆ ಹೇಗಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಊರಿನಿಂದ ಹಾಸನಕ್ಕೂ ಹೋಗಬಹುದು, ಚಿಕ್ಕಮಗಳೂರಿಗೂ ಹೋಗಬಹುದು. ನಾವು ಹೋದದ್ದು ಎಲ್ಲಿಗೆ ಎಂಬುದನ್ನು ಬೇಕೆಂದೇ ಹೇಳುತ್ತಿಲ್ಲ. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಸಂತ್ರಸ್ತೆಯ ಹೆಸರನ್ನಷ್ಟೇ ಅಲ್ಲ, ಗುರುತು ಹತ್ತುವಂತಹ ಯಾವ ವಿವರವನ್ನೂ ಹೊರಗೆಡಹಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಸಣ್ಣ ಊರುಗಳಲ್ಲಿ ಆಸ್ಪತ್ರೆಯ ಹೆಸರು, ತಿಂಗಳು, ತೋಟ ಇಷ್ಟು ಸಿಕ್ಕರೆ ಸಾಕು, ಉಳಿದದ್ದನ್ನು ಸೋಮವಾರದ ಸಂತೆಯಲ್ಲಿ ಜೋಡಿಸಿಬಿಡುತ್ತಾರೆ. ಆದ್ದರಿಂದ ಅವರಿಬ್ಬರ ವಿವರಗಳನ್ನು ಬದಲಿಸಿದ್ದೇನೆ. ಆಸ್ಪತ್ರೆಯೊಳಗೆ ಕಂಡದ್ದನ್ನು ಬದಲಿಸಿಲ್ಲ.

ಈ ಕೇಂದ್ರಗಳ ಬಗ್ಗೆ ಕೇಳದವರಿಗಾಗಿ ಎರಡು ಮಾತು. ನಿರ್ಭಯಾ ನಿಧಿಯ ಹಣದಿಂದ ಕೇಂದ್ರ ಸರ್ಕಾರ 2015ರ ಏಪ್ರಿಲ್ 1ರಿಂದ ಜಾರಿಗೆ ತಂದ ಯೋಜನೆ ಇದು. ಚಿಕಿತ್ಸೆ, ಪೊಲೀಸ್ ನೆರವು, ವಕೀಲರು, ಆಪ್ತ ಸಮಾಲೋಚನೆ, ಮತ್ತು ಮನೆಗೆ ಮರಳಲಾಗದವರಿಗೆ 5 ದಿನಗಳವರೆಗಿನ ವಸತಿ, ಇವೆಲ್ಲ ಒಂದೇ ಸೂರಿನಡಿ ಉಚಿತವಾಗಿ ದೊರೆಯಬೇಕೆಂಬುದು ಅದರ ಉದ್ದೇಶ. ನಮ್ಮ ಕಡೆ ಕೆಲವರು ಹಳೆಯ ರೂಢಿಯಂತೆ ಇದನ್ನು ‘ಗೆಳತಿ’ ಎಂದೂ, ತಾಲ್ಲೂಕುಗಳ ‘ಸಾಂತ್ವನ’ ಕೇಂದ್ರದೊಡನೆ ಬೆರೆಸಿಯೂ ಹೇಳುತ್ತಾರೆ. ಹೆಸರು ಯಾವುದೇ ಆಗಲಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ಮೊದಲ ಸಲ ಹೋದದ್ದು ಮಳೆಗಾಲದ ಒಂದು ರಾತ್ರಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಒಬ್ಬ ತರುಣಿಯೊಡನೆ. ನನ್ನ ಅತಿ ದೊಡ್ಡ ದೂರು ಸಖಿ ಕೇಂದ್ರದ ಮೇಲಲ್ಲ, ಅಲ್ಲಿಗೆ ತಲುಪುವ ಮೊದಲು ನಾವು ನಿಂತ ಇನ್ನೊಂದು ಆಸ್ಪತ್ರೆಯ ಮೇಲೆ. ಹತ್ತಿರವೆಂದು ಅಲ್ಲಿಗೆ ಹೋದೆವು. ರಾತ್ರಿ ಪಾಳಿಯಲ್ಲಿದ್ದವರು ಅವಳ ಮುಖವನ್ನೂ ಸರಿಯಾಗಿ ನೋಡದೆ, “ಮೊದಲು ಸ್ಟೇಷನ್ನಿಗೆ ಹೋಗಿ ಪತ್ರ ತನ್ನಿ, ಆಮೇಲೆ ನೋಡೋಣ” ಎಂದರು. ಸ್ಟೇಷನ್ನಿನಲ್ಲಿ ಸರಹದ್ದಿನ ಮಾತು ಬಂತು. ಇದೆರಡರ ನಡುವೆ ಎರಡೂಮುಕ್ಕಾಲು ಗಂಟೆ ಕಳೆಯಿತು. ಕಾನೂನಿನಲ್ಲಿ ಇದಕ್ಕೆ ಎಡೆಯೇ ಇಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೇ ಆದರೂ ಇಂಥವರಿಗೆ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಟ್ಟು ತಾನೇ ಪೊಲೀಸರಿಗೆ ತಿಳಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹೇಳುತ್ತದೆ. ಚಿಕಿತ್ಸೆ ನಿರಾಕರಿಸಿದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಸೆರೆವಾಸ ಆಗಬಹುದು. ದೂರು ಯಾವ ಠಾಣೆಯಲ್ಲಿ ಕೊಟ್ಟರೂ ಸರಹದ್ದು ನೋಡದೆ ದಾಖಲಿಸಿಕೊಳ್ಳಬೇಕು. ಇದೆಲ್ಲ ನನಗೆ ಆ ರಾತ್ರಿ ಗೊತ್ತಿರಲಿಲ್ಲ, ಆಮೇಲೆ ತಿಳಿದುಕೊಂಡೆ. ಗೊತ್ತಿದ್ದರೆ ಆ ಮೆಟ್ಟಿಲಿನಿಂದ ಇಳಿಯುತ್ತಿರಲಿಲ್ಲ.

ಸಖಿ ಕೇಂದ್ರಕ್ಕೆ ತಲುಪಿದಾಗ ನಡುರಾತ್ರಿ ಮೀರಿತ್ತು. ಬಾಗಿಲು ತೆರೆದ ಸಿಬ್ಬಂದಿ ಮೊದಲು ಕೇಳಿದ್ದು ಹೆಸರನ್ನಲ್ಲ, “ಎಲ್ಲಾದರೂ ರಕ್ತ ಸುರೀತಾ ಇದೆಯಾ ತಾಯಿ? ನೋವು ತಡೆಯೋ ಹಾಗಿದೆಯಾ?” ಎಂದು. ಮೊದಲು ಚಿಕಿತ್ಸೆ, ಆಮೇಲೆ ಸಾಕ್ಷ್ಯ ಎಂಬ ಕ್ರಮವನ್ನು ಅವರು ಕೊನೆಯವರೆಗೂ ತಪ್ಪಿಸಲಿಲ್ಲ. ಡ್ಯೂಟಿಯಲ್ಲಿದ್ದ ವೈದ್ಯೆ ಬಂದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುನ್ನ, ಪರೀಕ್ಷೆಯಲ್ಲಿ ಏನೇನು ಮಾಡಲಾಗುತ್ತದೆ, ಯಾವುದಕ್ಕೆ ಬೇಡ ಎನ್ನಬಹುದು, ಬೇಡ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂಬುದನ್ನೆಲ್ಲ ಸುಮಾರು ಇಪ್ಪತ್ತು ನಿಮಿಷ ವಿವರಿಸಿದರು. ಹುಡುಗಿಯ ಮನೆಮಾತು ಕನ್ನಡವಲ್ಲ. ಅದನ್ನು ಗಮನಿಸಿದ ವೈದ್ಯೆ, ಅವಳ ಭಾಷೆ ಬಲ್ಲ ಸ್ಟಾಫ್ ನರ್ಸ್ ಒಬ್ಬರನ್ನು ಬೇರೆ ವಾರ್ಡಿನಿಂದ ಕರೆಸಿ, ಹೇಳಿದ್ದನ್ನೆಲ್ಲ ಮೊದಲಿನಿಂದ ಮತ್ತೊಮ್ಮೆ ಹೇಳಿಸಿದರು. ಪೂರ್ವ ಭಾಗದ ರಾಜ್ಯಗಳಿಂದಲೂ ತಮಿಳುನಾಡಿನಿಂದಲೂ ತೋಟದ ಕೆಲಸಕ್ಕೆ ಬಂದವರು ತುಂಬಿರುವ ನಮ್ಮ ಮಲೆನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಅರ್ಥವಾಗದ ಭಾಷೆಯಲ್ಲಿ ಪಡೆದ ಸಹಿಯನ್ನು ಒಪ್ಪಿಗೆ ಎನ್ನಲಾಗದು.

ಅವಳು ಕೇಳಿಕೊಂಡದ್ದರಿಂದ ನಾನೂ ಪರದೆಯ ಈಚೆ ಕುಳಿತಿದ್ದೆ. ನೆಲದ ಮೇಲೆ ಒಂದು ದೊಡ್ಡ ಬಿಳಿ ಹಾಳೆಯನ್ನು ಹಾಸಿ, ಅದರ ಮೇಲೆ ನಿಂತೇ ಬಟ್ಟೆ ಬದಲಿಸುವಂತೆ ಅವಳಿಗೆ ಹೇಳಿದರು. ಬಟ್ಟೆಯಿಂದ ಉದುರಿದ ಮಣ್ಣು, ಒಂದೆರಡು ಕೂದಲು, ಒಣಗಿದ ಸಿಲ್ವರ್ ಓಕ್ ಎಲೆಯ ಒಂದು ಚೂರು ಹಾಳೆಯ ಮೇಲೆ ಬಿದ್ದವು. ನರ್ಸ್ ಆ ಚೂರನ್ನು ಊದಲಿಲ್ಲ, ಕೊಡವಲಿಲ್ಲ. ಹಾಳೆಯನ್ನೇ ನಾಲ್ಕೂ ಕಡೆಯಿಂದ ಒಳಮಡಿಚಿ ಲಕೋಟೆಗೆ ಹಾಕಿದರು. ಪ್ರತಿ ಬಟ್ಟೆಗೂ ಬೇರೆ ಬೇರೆ ಕಾಗದದ ಲಕೋಟೆ. ಪ್ಲಾಸ್ಟಿಕ್ ಒಂದೂ ಇರಲಿಲ್ಲ. ಮೈಯಿಂದ ಮಾದರಿ ತೆಗೆದ ಹತ್ತಿಯ ಸ್ವಾಬ್ ಕಡ್ಡಿಗಳನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಬಿಸಿ ತಾಗಿಸದೆ, ಬರೀ ಗಾಳಿಗೆ ಒಣಗಲು ಬಿಟ್ಟರು. ಹೊರಗೆ ಧೋ ಎಂದು ಮಳೆ, ಕೋಣೆಯ ಗೋಡೆಯೇ ಬೆವರುತ್ತಿತ್ತು, ಕಡ್ಡಿಗಳು ಬೇಗ ಒಣಗುತ್ತಿರಲಿಲ್ಲ. ಬೆಳಗಿನ ಜಾವ ಬಂದು ಕುಳಿತಿದ್ದ ಪೇದೆ “ಆಯ್ತಾ ಸಿಸ್ಟರ್, ಕೊಡ್ತೀರಾ?” ಎಂದು ಎರಡು ಸಲ ಕೇಳಿದರೂ ಆಕೆ ಹಸಿ ಕಡ್ಡಿಯನ್ನು ಕೊಡಲು ಒಪ್ಪಲಿಲ್ಲ. ಜುಲೈ ತಿಂಗಳಲ್ಲಿ ಬಟ್ಟೆಯನ್ನು ಒದ್ದೆಯಾಗಿಯೇ ಮಡಿಚಿಟ್ಟರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಸ್ವಾಬಿಗೂ ಅದೇ ಗತಿ: ತೇವ ಉಳಿದರೆ ಬೂಷ್ಟು ಹಿಡಿದು, ಪ್ರಯೋಗಾಲಯ ತಲುಪುವಷ್ಟರಲ್ಲಿ ಡಿಎನ್‌ಎ ಕೆಟ್ಟಿರುತ್ತದೆ. ಕೊನೆಗೆ ಮೊಹರು ಹಾಕಿ, ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಎಷ್ಟು ಗಂಟೆಗೆ ಎಂಬುದನ್ನೆಲ್ಲ ಬರೆದು ಪೇದೆಯ ಸಹಿ ಪಡೆದರು. ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ಪ್ರತಿವಾದಿ ವಕೀಲರು ನ್ಯಾಯಾಲಯದಲ್ಲಿ ಅದನ್ನೇ ಹಿಡಿದು ಎಳೆಯುತ್ತಾರೆ.

ಅಲ್ಲಿ ನಡೆಯದೇ ಇದ್ದ ಸಂಗತಿಗಳೂ ಹೇಳಬೇಕಾದವೇ. ಹೆಣ್ಣಿಗೆ ಲೈಂಗಿಕ ಸಂಬಂಧದ ರೂಢಿಯಿದೆಯೇ ಎಂದು ನೋಡುವ ಆ ಕುಖ್ಯಾತ ಎರಡು ಬೆರಳಿನ ಪರೀಕ್ಷೆಯ ಮಾತೇ ಬರಲಿಲ್ಲ. ಅದು ಮಹಿಳೆಯ ಖಾಸಗಿತನದ ಮೇಲಿನ ದಾಳಿ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು, ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಅದನ್ನು ಕೈಬಿಡಿಸಿತು, ಇಷ್ಟಾದರೂ ನಿಲ್ಲದ್ದರಿಂದ 2022ರಲ್ಲಿ, ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟೇ ಮತ್ತೆ ಹೇಳಬೇಕಾಯಿತು. ಈ ಹಿಂದೆ ಯಾರೊಡನೆ ಸಂಬಂಧವಿತ್ತು ಎಂಬ ಪ್ರಶ್ನೆಯನ್ನೂ ವೈದ್ಯೆ ಕೇಳಲಿಲ್ಲ. ಮೈಮೇಲೆ ದೊಡ್ಡ ಗಾಯಗಳಿರಲಿಲ್ಲವಾದ್ದರಿಂದ ‘ಏನೂ ಆಗಿಲ್ಲ’ ಎಂದು ಬರೆದುಬಿಡುತ್ತಾರೇನೋ ಎಂಬ ಅಳುಕು ನನಗಿತ್ತು. ಅದನ್ನು ಕೇಳಿಯೂ ಬಿಟ್ಟೆ. “ಗಾಯ ಇಲ್ಲ ಅಂದ್ರೆ ಗಾಯ ಇಲ್ಲ ಅಂತ ಮಾತ್ರ ಅರ್ಥ ಮೇಡಂ. ಹೆದರಿ ಮರಗಟ್ಟಿ ಹೋದವರ ಮೈಮೇಲೆ ಗುರುತು ಎಲ್ಲಿಂದ ಬರಬೇಕು?” ಎಂದರು.

ಔಷಧದ ವಿಷಯದಲ್ಲಿ ಕೇಂದ್ರಕ್ಕೆ ಪೂರ್ತಿ ಅಂಕ. ಗರ್ಭ ತಡೆಯುವ ತುರ್ತು ಮಾತ್ರೆಯನ್ನು ಕಣ್ಣೆದುರೇ ನುಂಗಿಸಿದರು. ಅದು ಎಷ್ಟು ಬೇಗ ಹೊಟ್ಟೆ ಸೇರಿದರೆ ಅಷ್ಟು ಒಳ್ಳೆಯದು. ಎಚ್‌ಐವಿ ತಡೆಯ ಮಾತ್ರೆಯನ್ನು 72 ಗಂಟೆಯೊಳಗೆ ಆರಂಭಿಸಿ 28 ದಿನ ಬಿಡದೆ ತೆಗೆದುಕೊಳ್ಳಬೇಕು. ಆ ಮಾತ್ರೆ ಸಿಗುವ ಕೌಂಟರಿನಲ್ಲಿ ಬೆಳಗಾದ ಮೇಲೆ ಸಾಲು ನಿಲ್ಲಬೇಕಾಗುತ್ತದೆ, ಅಲ್ಲಿ ನಿಂತವರನ್ನು ಜನ ಹೇಗೆ ನೋಡುತ್ತಾರೆಂಬುದು ಎಲ್ಲರಿಗೂ ಗೊತ್ತು. ನರ್ಸ್ ತಾವೇ ಹೋಗಿ ತಂದುಕೊಟ್ಟರು. ನಿಯಮದಲ್ಲಿ ಹಾಗೆಂದು ಬರೆದಿರಲಾರದು, ಬರೆಯುವುದು ಒಳ್ಳೆಯದು.

ಇನ್ನು ಕೊರತೆಗಳು. ಪರೀಕ್ಷೆಗೆಂದು ಬಟ್ಟೆ ತೆಗೆದಿಟ್ಟುಕೊಂಡ ಮೇಲೆ ಕೊಟ್ಟದ್ದು ಒಂದು ತೆಳು ನೈಟಿ. ಮೇಲೆ ಹೊದೆಯಲು ವೇಲ್ ಇಲ್ಲ, ಒಳಬಟ್ಟೆ ಇಲ್ಲ, ಕಾಲಿಗೆ ಚಪ್ಪಲಿಯೂ ಇಲ್ಲ. ನನ್ನ ಶಾಲನ್ನೇ ಹೊದಿಸಿದೆ. ಕಟ್ಟಡದ ಮೇಲಿನ ಬೋರ್ಡಿನಲ್ಲಿ, ಬಸ್ಸಿನಿಂದ ಇಳಿದವರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ, ‘ಅತ್ಯಾಚಾರ’ ಎಂಬ ಪದವಿದೆ. ಅದರ ಕೆಳಗಿನ ಬೆಂಚಿನಲ್ಲಿ ಕುಳಿತವರ ಬಗ್ಗೆ ಬೇರೆ ವಿವರಣೆಯೇ ಬೇಡ. ‘ಸಖಿ’ ಎಂಬ ಎರಡು ಅಕ್ಷರ ಸಾಕಿತ್ತು. ಮೊದಲ ಸಲ ಅವಳೊಡನೆ ಗಂಟೆಗಟ್ಟಲೆ ಕುಳಿತ ಆಪ್ತ ಸಮಾಲೋಚಕಿ, ಮೂರು ವಾರ ಬಿಟ್ಟು ಹೋಗುವಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಗುತ್ತಿಗೆಯ ಕೆಲಸ, ಸಂಬಳ ತಡವಾಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಆಕೆಯನ್ನು ದೂರಲಾರೆ. ಆದರೆ ಹುಡುಗಿ ಹೊಸಬರ ಮುಂದೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗಿ ಬಂದಾಗ ಅರ್ಧಕ್ಕೇ ನಿಲ್ಲಿಸಿ, “ಮಿಸ್, ಮನೆಗೆ ಹೋಗೋಣ” ಎಂದಳು.

ವೈದ್ಯಕೀಯ ವರದಿಯ ಪ್ರತಿ ಪಡೆಯುವುದು ಅವಳ ಹಕ್ಕು, ಅದೂ ಉಚಿತವಾಗಿ. ಕೇಳಿದ್ದಕ್ಕೆ ಗುಮಾಸ್ತರೊಬ್ಬರು ಮೂಲ ಪ್ರತಿಯನ್ನೇ ನನ್ನ ಕೈಗಿತ್ತು, ಗೇಟಿನ ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ತನ್ನಿ ಎಂದರು. ಆ ಅಂಗಡಿಯ ಹುಡುಗ ಒಂದೊಂದೇ ಪುಟ ತಿರುವಿ ಗಾಜಿನ ಮೇಲೆ ಇಡುತ್ತಾನೆ, ಪಕ್ಕದಲ್ಲಿ ಆಧಾರ್ ಜೆರಾಕ್ಸಿಗೆ ಬಂದ ನಾಲ್ವರು ನಿಂತಿರುತ್ತಾರೆ. ರಾತ್ರಿಯಿಡೀ ಮೊಹರು ಹಾಕಿ ಕಾಪಾಡಿದ್ದು ಇಲ್ಲಿ ಎರಡು ರೂಪಾಯಿಗೆ ಬಯಲಾಗುತ್ತಿತ್ತು. ನಾನು ಮಾಡಿಸಲಿಲ್ಲ, ಕಚೇರಿ ತೆರೆಯುವವರೆಗೆ ಕಾದು ಆಸ್ಪತ್ರೆಯೊಳಗೇ ಪ್ರತಿ ಮಾಡಿಸಿಕೊಂಡೆ.

ಎರಡನೇ ಸಲದ್ದು ಕೌಟುಂಬಿಕ ಹಿಂಸೆಯ ವಿಷಯ. ಬಯಲುಸೀಮೆಯ ಕಡೆಯಿಂದ ಮದುವೆಯಾಗಿ ಬಂದ ಆಕೆ ಆಸ್ಪತ್ರೆಗೆ ಗಂಡನೊಡನೆಯೇ ಬಂದಿದ್ದಳು. ಫೋನ್ ಮಾಡಿದ್ದರಿಂದ ನಾನು ಹಿಂದಿನಿಂದ ಹೋದೆ. ಬಚ್ಚಲಿನಲ್ಲಿ ಜಾರಿ ಬಿದ್ದೆನೆಂದು ಹೇಳುತ್ತಿದ್ದಳು. ಒಪಿಡಿಯ ವೈದ್ಯರು ಅವಳ ಮುಂಗೈಯ ಹೊರಬದಿಯ ಬಾಸುಂಡೆಗಳನ್ನು ನೋಡಿ ಏನೂ ಅನ್ನದೆ, ಗಂಡನನ್ನು ಔಷಧದ ಚೀಟಿ ಕೊಟ್ಟು ಕೆಳಮಹಡಿಗೆ ಕಳಿಸಿದರು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, “ಬಿದ್ದವರಿಗೆ ಅಂಗೈ ತರಚುತ್ತಮ್ಮಾ. ಹೊಡೆತ ತಡೆಯೋಕೆ ಕೈ ಅಡ್ಡ ಹಿಡಿದವರಿಗೆ ಇಲ್ಲಿ ಬಾಸುಂಡೆ ಬರುತ್ತೆ,” ಎಂದರು. ಕುತ್ತಿಗೆ ಹಿಸುಕಿದ್ದರೇ ಎಂದೂ ಕೇಳಿದರು. ಹಿಸುಕಿಸಿಕೊಂಡವರ ಕತ್ತಿನ ಮೇಲೆ ಒಂದು ಗೆರೆಯೂ ಕಾಣದಿರಬಹುದು, ಆದರೆ ದನಿ ಒಡೆದಿರಬಹುದು, ಉಗುಳು ನುಂಗಲು ನೋವಾಗಬಹುದು, ಕಣ್ಣಿನ ಬಿಳಿಯಲ್ಲಿ ಸೂಜಿ ಮೊನೆಯಷ್ಟು ಕೆಂಪು ಚುಕ್ಕೆಗಳಿರಬಹುದು ಎಂಬುದನ್ನು ನಾನು ಅಂದು ತಿಳಿದೆ. ಅವಳ ದನಿ ಒಡೆದಿತ್ತು. ಪ್ರತಿ ಬಾಸುಂಡೆಯ ಉದ್ದ, ಅಗಲ, ಬಣ್ಣ, ಜಾಗವನ್ನು ದೇಹದ ನಕ್ಷೆಯ ಮೇಲೆ ಗುರುತು ಹಾಕಿದರು. ಹಳದಿಗೆ ತಿರುಗಿದ್ದು ಆಗಷ್ಟೇ ಆದದ್ದಲ್ಲ ಎಂಬುದು ಆ ಕಾಗದದಿಂದಲೇ ಗೊತ್ತಾಗುತ್ತದೆ.

ಸಖಿ ಕೇಂದ್ರದಲ್ಲಿ ಅವಳು ಪೊಲೀಸ್ ದೂರು ಬೇಡವೆಂದಳು. ಯಾರೂ ಒತ್ತಾಯಿಸಲಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ವರದಿ ಬರೆದು ಸಂರಕ್ಷಣಾಧಿಕಾರಿಗೆ, ಅಂದರೆ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಕಳಿಸಬಹುದೆಂದೂ, ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿಂದ ಅವಳನ್ನು ಹೊರಹಾಕದಂತೆ ಮ್ಯಾಜಿಸ್ಟ್ರೇಟರಿಂದ ಆದೇಶ ಪಡೆಯಬಹುದೆಂದೂ, ವಕೀಲರಿಗೆ ಕಾಸು ಕೊಡಬೇಕಿಲ್ಲವೆಂದೂ ತಿಳಿಸಿದರು. ಮೂರು ರಾತ್ರಿ ಅಲ್ಲಿದ್ದು, ಮಕ್ಕಳ ಪರೀಕ್ಷೆಯಿದೆಯೆಂದು ನಾಲ್ಕನೇ ದಿನ ಮನೆಗೆ ಮರಳಿದಳು. ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಅಲ್ಲಿಯ ಸಿಬ್ಬಂದಿಗೆ ಬರಲಿಲ್ಲ. ಗಂಡ ಮೊಬೈಲ್ ತಪಾಸಣೆ ಮಾಡುತ್ತಾನೆಂದು ತಿಳಿದು, ಕೇಂದ್ರದ ನಂಬರನ್ನು ‘ಟೈಲರ್ ಅಕ್ಕ’ ಎಂಬ ಹೆಸರಿನಲ್ಲಿ ಉಳಿಸಿಕೊಟ್ಟರು. ಎರಡು ತಿಂಗಳ ನಂತರ ಆಕೆ ಆ ನಂಬರಿಗೆ ಕರೆ ಮಾಡಿದಳು.

ಐದಕ್ಕೆ ಎಷ್ಟು ಎಂದು ಕೇಳಿದರೆ ಪರೀಕ್ಷಾ ಕೋಣೆಯೊಳಗಿನ ಕೆಲಸಕ್ಕೆ ನಾಲ್ಕೂವರೆ, ಅದರ ಹೊರಗಿನದ್ದಕ್ಕೆ ಎರಡು. ಹೋಗಬೇಕಾಗಿ ಬಂದವರು ಸಾಧ್ಯವಾದರೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗಿ. ಮಾಡಿಬಿಟ್ಟಿದ್ದರೂ ಹೋಗಿ, 96 ಗಂಟೆಗಳವರೆಗೆ ಮಾದರಿ ಸಂಗ್ರಹಿಸುತ್ತಾರೆ, ಅದು ಮೀರಿದ ಮೇಲೂ ಚಿಕಿತ್ಸೆಯುಂಟು. ಹದಿನೆಂಟು ತುಂಬದ ಮಕ್ಕಳ ವಿಷಯವಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯವೆಂಬುದು ನೆನಪಿರಲಿ. ಒಂದು ಜೊತೆ ಬಟ್ಟೆ, ಚಪ್ಪಲಿ, ಶಾಲು ನೀವೇ ಒಯ್ಯಿರಿ.

ಜೆರಾಕ್ಸಿನ ಸಂಗತಿಯನ್ನು ಬರೆದು ಅಲ್ಲಿಯ ಸಲಹಾ ಪೆಟ್ಟಿಗೆಗೆ ಹಾಕಿದ್ದೆ. ಕಳೆದ ತಿಂಗಳು ಹೋದಾಗ ಕೇಂದ್ರದ ಮೂಲೆಯ ಮೇಜಿನ ಮೇಲೆ ಹೊಸ ಜೆರಾಕ್ಸ್ ಯಂತ್ರ ಕುಳಿತಿತ್ತು. ಟೋನರ್ ಇನ್ನೂ ಬಂದಿಲ್ಲವಂತೆ.