ಎರಡು ಮಾತ್ರೆಗಳ ನಡುವೆ: ಪಾರ್ಕಿನ್ಸನ್ ಇರುವವರ ಹಾಡು-ಪದ್ಯಕ್ಕೆ ತಾಳಯಂತ್ರ, ಶ್ರುತಿಪೆಟ್ಟಿಗೆ

ಪಾರ್ಕಿನ್ಸನ್ ಬಂದವರ ದನಿ ತಗ್ಗುತ್ತದೆ, ಅಕ್ಷರ ಕಿರಿದಾಗುತ್ತದೆ, ಮಾತು ಮೊದಲು ತಡವರಿಸಿ ಆಮೇಲೆ ಓಡತೊಡಗುತ್ತದೆ. ಹಾಡಲು, ಬರೆಯಲು ಬೇಕಾದದ್ದೇ ಇವು. ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದ ಮಿದುಳಿಗೆ ಒಳಗಿನ ಲಯ ಸರಿಯಾಗಿ ಸಿಗುವುದಿಲ್ಲ. ಹೊರಗಿನಿಂದ ಕೇಳುವ ಪೆಟ್ಟು ಆ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಬಲ್ಲದು. ಈ ಕೆಲಸಕ್ಕೆ ಯಾವ ಯಂತ್ರ ಒದಗುತ್ತದೆ, ಯಾವುದು ಕೈಕೊಡುತ್ತದೆ ಎನ್ನುವುದಷ್ಟೇ ಇಲ್ಲಿನ ವಿಚಾರ.

ಮೊದಲು ಕೊಳ್ಳಬೇಕಾದದ್ದು ತಾಳಯಂತ್ರ. ಮೃದಂಗದ ನುಡಿಕಾರ (ಬಗೆಬಗೆಯ ಪೆಟ್ಟುಗಳ ಜೋಡಣೆ) ಬರುವ ಯಂತ್ರ ಕೇಳಲು ಚೆಂದ, ಆದರೆ ತುಂಬು ನುಡಿಕಾರದಲ್ಲಿ ಪೆಟ್ಟು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಬರೀ 'ಟಕ್ ಟಕ್' ಅನ್ನುವ ಮೆಟ್ರೊನೋಮೇ ಮೇಲು. ವೇಗ ಇಡುವ ಬಗೆ ಹೀಗೆ: ರೋಗಿ ಸಹಜವಾಗಿ ನಡೆಯುವಾಗ 30 ಸೆಕೆಂಡಿನ ಹೆಜ್ಜೆ ಎಣಿಸಿ, ಎರಡರಷ್ಟು ಮಾಡಿ. 46 ಬಂದರೆ ನಿಮಿಷಕ್ಕೆ 92. ಮೊದಲ ಕೆಲವು ದಿನ ಅದೇ ವೇಗ ಇರಲಿ, ಆಮೇಲೆ ನೂರಕ್ಕೆ 5ರಷ್ಟು ಏರಿಸಿ. ಒಮ್ಮೆಲೇ ಏರಿಸಿದರೆ ಹೆಜ್ಜೆ ಗಿಡ್ಡವಾಗಿ ಮುಂದಕ್ಕೆ ಮುಗ್ಗರಿಸುವ ಅಪಾಯವಿದೆ. ಪಕ್ಕದಲ್ಲಿ ಒಬ್ಬರು ಇರಲೇಬೇಕು, ಫಿಸಿಯೋಥೆರಪಿಸ್ಟ್ ಆದರೆ ಇನ್ನೂ ಒಳ್ಳೆಯದು. ನೆಲದ ಮೇಲೆ ಚಾಪೆ, ಕಾಲೊರಸು ಬೇಡ.

ಪದ್ಯದ ಗಣವೂ, ಅಂದರೆ ಮಾತ್ರೆಗಳ (ಉಚ್ಚಾರದ ಕಾಲದ ಅಳತೆ) ಗುಂಪೂ, ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಡೆಯುತ್ತ ಹೇಳಲು ನಾಲ್ಕು ಮಾತ್ರೆಯ ಗಣ ಹೊಂದುತ್ತದೆ: 'ಅಂಗಳ ದಾಟುತ ಹೊಸಿಲಲಿ ನಿಂತೆನು.' ಗಣಕ್ಕೆರಡು ಹೆಜ್ಜೆ, ಪ್ರತಿ ಗಣದ ಮೊದಲ ಪೆಟ್ಟು ಒಂದೇ ಕಾಲಿಗೆ ಬೀಳುತ್ತದೆ. ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ, ಸಾಲು ಹೇಳುವುದೂ ಅದನ್ನೇ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆ ಬೇರೆ: 'ಬೆರಳು ನಿಂತರೆ ಮಾತು ನಿಲ್ಲದು.' ಏಳರ ಎಣಿಕೆಯಲ್ಲಿ ನಡೆದರೆ ಒತ್ತು ಒಮ್ಮೆ ಬಲಗಾಲಿಗೆ, ಒಮ್ಮೆ ಎಡಗಾಲಿಗೆ ಬಿದ್ದು ಗೊಂದಲ. ಭಾಮಿನಿಯನ್ನು ಕುಳಿತೇ ಹೇಳಿ. ಮಾತು ಓಡುವವರಿಗೆ ಆ ಎಳೆತ ನಿಜಕ್ಕೂ ಕಡಿವಾಣ. ನಿಮಿಷಕ್ಕೆ 60 ಪೆಟ್ಟು ಇಟ್ಟು, ಪೆಟ್ಟಿಗೊಂದು ಗಣದಂತೆ ಶುರು ಮಾಡಿ.

ಶ್ರುತಿಪೆಟ್ಟಿಗೆಯಲ್ಲಿ ನೋಡಬೇಕಾದದ್ದು ಗುಂಡಿ. ಬೆಂಗಳೂರಿನ ಬಳೇಪೇಟೆಯಂಥ ಕಡೆ ಕೊಳ್ಳುವುದಾದರೆ, ಬಳಸುವವರನ್ನೇ ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ತಿರುಗಿಸಿ ನೋಡಿ. ದೊಡ್ಡ, ಸ್ವಲ್ಪ ಬಿಗಿಯಾದ ತಿರುಗುಗುಂಡಿ ಬೇಕು. ಸಡಿಲವಾದದ್ದು ನಡುಕಕ್ಕೆ ಸಿಕ್ಕಿ ಶ್ರುತಿಯನ್ನೇ ಕದಲಿಸುತ್ತದೆ. ಸ್ವಿಚ್ ಆರಿಸಿ ಹಾಕಿದಾಗ ಹಿಂದಿನ ಶ್ರುತಿಯೇ ಬರುತ್ತದೆಯೇ ಎಂದೂ ಪರೀಕ್ಷಿಸಿ. ಹಿಂದೆ ಐದೂವರೆ ಮನೆಯ ಶ್ರುತಿಯಲ್ಲಿ ಹಾಡುತ್ತಿದ್ದವರು ಹಟ ಹಿಡಿಯದೆ ಐದಕ್ಕೋ ನಾಲ್ಕೂವರೆಗೋ ಇಳಿದರೆ ಮೇಲಿನ ಸ್ವರದಲ್ಲಿ ಗಂಟಲು ಬಿಗಿಯುವುದು ತಪ್ಪುತ್ತದೆ. ಪೆಟ್ಟಿಗೆಯನ್ನು ನಾಲ್ಕೈದು ಅಡಿ ದೂರ ಇಡಿ. ಹಿನ್ನೆಲೆಯಲ್ಲಿ ಸದ್ದಿದ್ದರೆ ದನಿ ತಾನಾಗಿ ಏರುತ್ತದೆ. ತಮ್ಮ ದನಿ ತಮಗೇ ಕೇಳದಷ್ಟು ಜೋರು ಮಾತ್ರ ಬೇಡ. ಇದು ಸ್ಪೀಚ್ ಥೆರಪಿಗೆ ಬದಲಿಯಲ್ಲ. ನುಂಗುವಾಗ ಕೆಮ್ಮು ಬರುವವರು ಮೊದಲು ಥೆರಪಿಸ್ಟರನ್ನು ಕಾಣಬೇಕು.

ಮೊಬೈಲ್ ಆ್ಯಪ್‌ನಲ್ಲಿ ಎರಡೂ ಪುಕ್ಕಟೆ ಸಿಗುತ್ತವೆ, ನಿಜ. ಆದರೆ ನಡುಗುವ ಬೆರಳು ಒಂದು ಸಲ ಒತ್ತಿದ್ದನ್ನು ಪರದೆ ಎರಡು ಸಲ ಎಂದು ತಿಳಿಯುತ್ತದೆ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶದ ಅವಧಿ ಹೆಚ್ಚಿಸಿ, ಮರುಸ್ಪರ್ಶ ಲೆಕ್ಕಿಸದಂತೆ ಮಾಡುವ ಆಯ್ಕೆ ಇದ್ದರೆ ಅದನ್ನೂ ಹಾಕಿದರೆ ತೊಂದರೆ ಅರ್ಧ ಕಡಿಮೆ. ಕನ್ನಡ ಧ್ವನಿ ಟೈಪಿಂಗ್ ಮಾತ್ರ ಪದ್ಯಕ್ಕೆ ಸರಿಹೋಗದು: ಮುಂದಿನ ಪದ ಹೊರಡಲು ತಡವಾದರೆ ಮಾತು ಮುಗಿಯಿತೆಂದು ಮೈಕ್ ಆರುತ್ತದೆ, ಮೆಲುದನಿಯಲ್ಲಿ ಪದದ ಕೊನೆ ನುಂಗಿಹೋಗುತ್ತದೆ. ಸಾದಾ ವಾಯ್ಸ್ ರೆಕಾರ್ಡರ್ ಕಾಯುತ್ತದೆ. ಫೋನನ್ನು ಬಾಯಿಂದ ಒಂದು ಗೇಣು ದೂರ ನಿಲ್ಲಿಸಿ, ಹೇಳಿ, ಆಮೇಲೆ ಯಾರಾದರೂ ಬರೆದುಕೊಡಲಿ.

ಕೈಯಲ್ಲೇ ಬರೆಯುವ ಆಸೆಯಿದ್ದರೆ ಅಗಲ ಗೆರೆಯ ಪುಸ್ತಕ, ದಪ್ಪ ಹಿಡಿಯ ಪೆನ್ನು. ಒಂದು ಗೆರೆ ಬಿಟ್ಟು ಬರೆಯಿರಿ, ಇಲ್ಲವಾದರೆ 'ಕೃಷ್ಣ'ದ ಒತ್ತು ಕೆಳಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲು ಮುಂದುವರಿದಂತೆ ಅಕ್ಷರ ಕುಗ್ಗುವುದರಿಂದ ಗದ್ಯಕ್ಕಿಂತ ಚಿಕ್ಕ ಸಾಲಿನ ಪದ್ಯವೇ ಅನುಕೂಲ. ಪ್ರತಿ ಹೊಸ ಸಾಲಿಗೆ ಕೈ ಮತ್ತೆ ದೊಡ್ಡ ಅಕ್ಷರದಿಂದ ಆರಂಭಿಸಬಹುದು.

ಇನ್ನು ಗುಳಿಗೆಯ ಮಾತ್ರೆ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಗುಳಿಗೆ ನುಂಗಿ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮೈ ಸಡಿಲವಾಗುತ್ತದೆ. ಹಾಡುವುದು, ನಡೆಯುತ್ತ ಹೇಳುವುದು ಆ ಹೊತ್ತಿಗಿರಲಿ. ಬೇಳೆ, ಮೊಟ್ಟೆ, ಮಾಂಸ ತುಂಬಿದ ಊಟದ ಜೊತೆ ನುಂಗಿದರೆ ಪರಿಣಾಮ ತಡವಾಗಬಹುದು. ಸಮಯ ಬದಲಿಸುವುದಿದ್ದರೆ ವೈದ್ಯರನ್ನು ಕೇಳಿಯೇ ಬದಲಿಸಿ. ಗುಳಿಗೆಯ ಬಲ ಇಳಿದ ಹೊತ್ತಿನಲ್ಲಿ ಯಂತ್ರಗಳನ್ನೆಲ್ಲ ಆರಿಸಿ ರೆಕಾರ್ಡರ್ ಒಂದನ್ನೇ ಇಟ್ಟುಕೊಳ್ಳಿ. ಆಗ ಪಿಸುದನಿಯಲ್ಲಿ ಬಂದ ಎರಡು ಸಾಲನ್ನು ಅಳಿಸಬೇಡಿ. ಗುಳಿಗೆ ನುಂಗಿ ಎಷ್ಟು ಹೊತ್ತಾಗಿತ್ತು ಎಂದು ಆ ರೆಕಾರ್ಡಿಂಗ್‌ನ ಹೆಸರಿನಲ್ಲೇ ಗುರುತು ಹಾಕಿ. ಕಾಯಿಲೆ ಹೇಗಿರುತ್ತದೆ ಎನ್ನುವ ಪದ್ಯ ಹೆಚ್ಚಾಗಿ ಹುಟ್ಟುವುದು ಅಲ್ಲೇ.