ತರ-ತಮ ರೂಪಗಳಿಗೆ ಎಸ್‌ಸಿಎ 2: ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಇಲ್ಲ

ಲ್ಯಾಟಿನ್ ಪದಗಳಿಗೆ ಸ್ಲಾವಿಕ್ (ರಷ್ಯನ್, ಪೋಲಿಷ್ ಮುಂತಾದ ಭಾಷೆಗಳ) ಧ್ವನಿನಿಯಮ ಹಚ್ಚಿ ಹೊಸ ಭಾಷೆ ಕಟ್ಟುವವರಿಗೆ ಮಾರ್ಕ್ ರೋಸೆನ್‌ಫೆಲ್ಡರ್ ಅವರ ಎಸ್‌ಸಿಎ 2 ಪರಿಚಿತ. ನಾವು ಕೊಟ್ಟ ಪದಪಟ್ಟಿಗೆ ಧ್ವನಿ ಬದಲಾವಣೆಯ ನಿಯಮಗಳನ್ನು ಸರದಿಯಂತೆ ಹಚ್ಚುವ ಉಪಕರಣ ಇದು. ಉಚಿತ, ಬ್ರೌಸರಿನಲ್ಲೇ ಓಡುತ್ತದೆ. ನಾಮಪದಗಳನ್ನು ಸಲೀಸಾಗಿ ಅರೆದು ಕೊಡುವ ಇದು ಗುಣವಾಚಕದ ತರ ('ಇನ್ನೂ ಬಲವಾದ') ಮತ್ತು ತಮ ('ಎಲ್ಲಕ್ಕಿಂತ ಬಲವಾದ') ರೂಪಗಳಲ್ಲಿ ತಡವರಿಸುತ್ತದೆ. ತಪ್ಪು ಹೆಚ್ಚಾಗಿ ನಾವು ಕೊಡುವ ಪಟ್ಟಿಯದೇ.

ಮೊದಲ ತೊಡಕು ಒತ್ತಿನದು. 'ಫೋರ್ಟಿಸ್' (ಬಲವಾದ) ಪದದಲ್ಲಿ ಒತ್ತು ಮೊದಲ ಸ್ವರಕ್ಕೆ. ತರ ರೂಪವಾದ 'ಫೋರ್ಟಿಓರೆಮ್‌'ನಲ್ಲಿ 'ಓ'ಗೆ. ಉಪಕರಣಕ್ಕೆ ಇದು ತಿಳಿಯದು. ಒತ್ತಿರುವ ಸ್ವರಕ್ಕೆ ಗುರುತು ಹಾಕಿದ ಬೇರೆ ಅಕ್ಷರ ಬಳಸಿ, ಅದನ್ನು ಸ್ವರಗಳ ವರ್ಗಕ್ಕೂ (ನಿಯಮಗಳಲ್ಲಿ ಒಂದೇ ಹೆಸರಿನಿಂದ ಕರೆಯುವ ಅಕ್ಷರಗಳ ಗುಂಪಿಗೂ) ಸೇರಿಸಿ. ಮರೆತರೆ 'ಸ್ವರದ ಹಿಂದಿನ ಇ, ಯ್ ಆಗಲಿ' ಎಂಬ ನಿಯಮ ಆ ಪದವನ್ನು ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ನಿಯಮಗಳ ಸರದಿ ಹೀಗಿರಲಿ: ಕೊನೆಯ ಮ್ ಲೋಪ, ಇ→ಯ್, ಯ್ ಹಿಂದಿನ ಟ್→ತ್ಸ್ ಮತ್ತು ಗ್→ಝ್, ಆಮೇಲೆ ಯ್ ಲೋಪ. 'ಫೋರ್ಟಿಓರೆಮ್‌'ನಿಂದ 'ಫೋರ್ತ್ಸೋರೆ', 'ಲೊನ್‌ಗಿಓರೆಮ್‌'ನಿಂದ (ಇನ್ನೂ ಉದ್ದದ) 'ಲೊನ್‌ಝೋರೆ' ಸಿಗುತ್ತವೆ. ರಷ್ಯನ್ನಿನ 'ದರಗೋಯ್–ದರೋಝೆ' (ದುಬಾರಿ–ಇನ್ನೂ ದುಬಾರಿ) ಜೋಡಿಯಲ್ಲಿ ಕಾಣುವ ಗ್→ಝ್ ಇದೇ. ಯ್ ಮೊದಲೇ ಬಿದ್ದರೆ 'ಫೋರ್ಟೋರೆ'. ಸ್ಲಾವಿಕ್ ಸೊಗಡು ಹೋಯಿತು. ವರ್ಗಗಳು ಒಂದೊಂದೇ ಅಕ್ಷರವನ್ನು ಜೋಡಿಸುವುದರಿಂದ ತ್ಸ್‌ಗೆ ಒಂದೇ ಚಿಹ್ನೆ ಇಟ್ಟುಕೊಂಡು, ಪುನರ್ಲೇಖನ ಪೆಟ್ಟಿಗೆಯಲ್ಲಿ ಅದನ್ನು ಬಿಡಿಸಿ ಬರೆಯಿರಿ.

ತಮ ರೂಪಕ್ಕೆ ಪೋಲಿಷ್ ಮಾದರಿಯಲ್ಲಿ ಪದದ ಮುಂದೆ ಅಂಟುವ 'ನಾಯ್' ಬೇಕೇ? ಲ್ಯಾಟಿನ್ ಪಟ್ಟಿಯಲ್ಲೇ ಅಂಟಿಸಬೇಡಿ. ಪದಾದಿಯ ನಿಯಮಗಳು ಆಗ ಧಾತುವನ್ನು ಬಿಟ್ಟು 'ನಾಯ್' ಮೇಲೆ ಬೀಳುತ್ತವೆ. ತರ, ತಮ ಎರಡರ ಧಾತುವೂ ಬೇರೆಯಾಗುತ್ತದೆ. ಮೊದಲ ಸುತ್ತಿನ ಫಲಿತಾಂಶಕ್ಕೆ 'ನಾಯ್' ಸೇರಿಸಿ, ಎರಡನೇ ಸುತ್ತಿನಲ್ಲಿ 'ನಾಯ್' ಎರವಲಾಗಿ ಬಂದ ನಂತರದ ನಿಯಮಗಳನ್ನಷ್ಟೇ ಓಡಿಸಿ.

ನಪುಂಸಕ 'ಫೋರ್ಟಿಉಸ್' ಕೂಡ ಪಟ್ಟಿಯಲ್ಲಿರಲಿ, ಕ್ರಿಯಾವಿಶೇಷಣಕ್ಕೆ ಬರುತ್ತದೆ. 'ಇನ್ನೂ ಚೆನ್ನಾಗಿ' ಎಂಬರ್ಥದ ಫ್ರೆಂಚಿನ 'ಮ್ಯೊ', ಇಟಾಲಿಯನ್ನಿನ 'ಮೆಲ್ಯೊ' ಹುಟ್ಟಿದ್ದು ನಪುಂಸಕ 'ಮೆಲಿಉಸ್‌'ನಿಂದಲೇ.

ದೊಡ್ಡ ಕೊರತೆ ಸಾದೃಶ್ಯ, ಅಂದರೆ ಒಂದು ರೂಪವನ್ನು ಇನ್ನೊಂದರ ಹಾಗೆ ಮಾಡಿಕೊಳ್ಳುವುದು. ಒತ್ತು ಸರಿದು ಮೂಲ ರೂಪಕ್ಕೂ ತರ ರೂಪಕ್ಕೂ ಸ್ವರ ಬೇರೆಯಾದಾಗ ಆಡುವ ಜನ ಎಷ್ಟೋ ಸಲ ಅದನ್ನು ಸಮ ಮಾಡಿಕೊಳ್ಳುತ್ತಾರೆ. ಉಪಕರಣ ಮಾಡದು, ಒಂದೊಂದನ್ನೂ ಕೈಯಲ್ಲೇ ತಿದ್ದಬೇಕು. ಪದವನ್ನು ಬದಲಿಸದೆ ಅದರ ಮುಂದೆ ಬೇರೆ ಗುರುತು ಇಡುವ ರೊಮೇನಿಯನ್ನಿನ 'ಮಾಯ್ ಬುನ್' (ಇನ್ನೂ ಒಳ್ಳೆಯ) ಅಥವಾ ಬಲ್ಗೇರಿಯನ್ನಿನ 'ಪೊ–ನಾಯ್' ದಾರಿ ಹಿಡಿದವರು ತರ-ತಮಕ್ಕಾಗಿ ಇದನ್ನು ತೆರೆಯುವ ಅಗತ್ಯವೇ ಇಲ್ಲ.